ಸಾಸಿವೆ, ಸೌತೆಕಾಯಿ, ಸಬ್ಬಸಿಗೆ

ಅವನ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಯಾವುದೋ ಕಾಲದಲ್ಲಿ ಗಂಗೆಯ ಘಾಟಿನ ಮೆಟ್ಟಿಲ ಮೇಲೆ ಸ್ಪೀಕರ್ ಪೆಟ್ಟಿಗೆ ಬಿದ್ದು ಕಿತ್ತುಹೋಗಿತ್ತಂತೆ, ಮತ್ತೆ ಬೆಳೆಯಲೇ ಇಲ್ಲ. ಉಗುರಿನ ಜಾಗದಲ್ಲಿ ನುಣ್ಣನೆಯ ಚರ್ಮ, ಬೇಯಿಸಿ ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗೆ. ಮಿಕ್ಸರಿನ ಕಡ್ಡಿಯ ಮೇಲೆ ಅವನು ಇಡುತ್ತಿದ್ದದ್ದು ಅದೇ ಬೆರಳು. "ಉಗುರು ಇದ್ದೋರಿಗಿ ಇದು ತಿಳಿಯಂಗಿಲ್ಲ ಮೌಸಿ. ಅಕ್ಕಿಕಾಳಿನಷ್ಟು ಸರಿಸಬೇಕಂದ್ರ ಬರೀ ಚರ್ಮ ಬೇಕು" ಅನ್ನುತ್ತಿದ್ದ. ಬಿದ್ದ ಉಗುರಿನ ಬಗ್ಗೆಯೂ ಜಂಬ ಪಡುವ ಮನುಷ್ಯ.

ಮಿಕ್ಸರ್ ಅಂದರೆ ಚಟ್ನಿ ಅರೆಯುವುದಲ್ಲ. ಮೈಕುಗಳ ದನಿಯೆಲ್ಲ ಬಂದು ಸೇರುವ ಹಲಗೆ. ನಮ್ಮ ಮಠದ ಸಭಾಮಂಟಪದಲ್ಲಿ ಹಿಂದಿನ ಗೋಡೆಗೆ ಒಂದು ಮೇಜು, ಅದರ ಮೇಲೆ ಆ ಹಲಗೆ, ಅದರ ಹಿಂದೆ ಅವನು. ಮೂವತ್ತು ವರ್ಷ ಅಲ್ಲೇ. ಅವನ ಅಪ್ಪ ಕಲಬುರಗಿ ಕಡೆಯಿಂದ ಇಲ್ಲಿಗೆ ಪೂಜೆಗೆ ಬಂದವರು. ಇವನೂ ಪೂಜೆ ಕಲಿಯಲಿ ಎಂದು ಅವರ ಆಸೆ. ಇವನು ಮೈಕಿಗೆ ಬಿದ್ದ. ಹುಟ್ಟಿದ್ದು ಕಾಶಿಯಲ್ಲಿ, ಮೈಕಿನ ಅಂಗಡಿ ಅಲ್ಲೇ ಸೋನಾರ್‌ಪುರದಲ್ಲಿ, ಬಾಯಲ್ಲಿ ಅರ್ಧ ಹಿಂದಿ, ನಾನೂ ಅವನಿಗೆ ಚಿಕ್ಕಮ್ಮ ಅಲ್ಲ, ಮೌಸಿ. ಕನ್ನಡ ಅಂದರೆ ಅವನಿಗೆ ತೀರಿಹೋದ ಅವ್ವ ಅಡುಗೆಮನೆಯಲ್ಲಿ ಆಡಿದಷ್ಟೇ. ಅದಕ್ಕೇ ಎಲ್ಲರೂ ಮೈಕಿನ ಮುಂದೆ ಹಲೋ ಹಲೋ ಅಂದರೆ ಇವನು "ಸಾಸಿವೆ, ಸೌತೆಕಾಯಿ, ಸಬ್ಬಸಿಗೆ" ಅನ್ನುತ್ತಿದ್ದ. ಹಲೋ ಅಂದರೆ ಮೈಕಿನ ಗುಣ ತಿಳಿಯುವುದಿಲ್ಲವಂತೆ. ಸ ಅನ್ನುವಾಗ ಹಲ್ಲಿನ ಸಂದಿಯಿಂದ ಬರುವ ಗಾಳಿ ಮೈಕಿಗೆ ಪರೀಕ್ಷೆ. ಅದು ಚುಚ್ಚಬಾರದು, ಸಾಯಲೂಬಾರದು.

ನಾನು ಅಡುಗೆಮನೆಯವಳು. ಮಂಟಪಕ್ಕೂ ಅಡುಗೆಮನೆಗೂ ನಡುವೆ ಒಂದು ಬಾಗಿಲು. ಮೊದಲ ಸಲ ಮಾತಾಡಿದ್ದೇ ಜಗಳಕ್ಕೆ. "ನಿನ್ನ ಗದ್ದಲದಾಗ ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಲೆಕ್ಕ ತಪ್ಪತದ" ಎಂದು ಸೌಟು ಹಿಡಿದೇ ಹೋಗಿದ್ದೆ. ಅವನು ಸಿಟ್ಟಾಗಲಿಲ್ಲ. "ಯಾವ ಗದ್ದಲ? ಹೆಣ್ಮಕ್ಕಳ ದನಿನಾ, ತಬಲಾನಾ?" ಎಂದು ಕೇಳಿದ. "ಎಡಗಡೆ ಡಬ್ಬದಾಗಿಂದು ಗುಂಯ್ ಅಂತದ" ಅಂದೆ. ಹೋಗಿ ಕಿವಿಗೊಟ್ಟು ನೋಡಿದ, ತಂತಿಯೊಂದು ಬದಲಾಯಿಸಿದ, ಗುಂಯ್ ನಿಂತಿತು. ಮರಳಿ ಬಂದು ಪಕ್ಕದ ಸ್ಟೂಲ್ ಒರೆಸಿ "ಕುಂದ್ರು ಮೌಸಿ" ಅಂದ.

ಆಮೇಲೆ ಕೆಲಸ ಮುಗಿದಾಗೆಲ್ಲ ಹೋಗಿ ಕೂರುವುದು ರೂಢಿಯಾಯಿತು. ಕೂರುವುದು ಅನ್ನುವುದು ಸುಳ್ಳು. ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಎದ್ದು ಬಾಗಿಲು ನೋಡಬೇಕು, ಬಂದು ಸೆರಗು ಜಾಡಿಸಬೇಕು, ಏನಾದರೂ ಮುಟ್ಟಬೇಕು. ಅಷ್ಟು ಗುಂಡಿಗಳು ಸಾಲಾಗಿ ಕಂಡರೆ ನನ್ನ ಕೈ ತುರಿಸುತ್ತಿತ್ತು. ಮುಟ್ಟಿದರೆ ಪಟ್ ಎಂದು ಹೊಡೆಯುತ್ತಿದ್ದ. "ಹಾಥ್ ಹಟಾವ್! ಸರಿ ಇದ್ದದ್ದಕ್ಕ ಕೈ ಹಚ್ಚೋದು ರೋಗ ಅದ. ಕೈ ಕುಂಡಿ ಕೆಳಗ ಇಟ್ಕೊ."

ಆದರೂ ಕಲಿಸಿದ. ಮೊದಲು ಕಡ್ಡಿಗಳನ್ನೆಲ್ಲ ಕೆಳಗೆ ಎಳೆಯಬೇಕು. ಮಿಕ್ಸರ್ ಹಚ್ಚಿ ಆಮೇಲೆ ಆಂಪ್ಲಿಫೈಯರ್ ಹಚ್ಚಬೇಕು, ಆರಿಸುವಾಗ ಆಂಪ್ಲಿಫೈಯರ್ ಮೊದಲು. ನಾನೊಮ್ಮೆ ತಿರುಗುಮುರುಗು ಮಾಡಿದ್ದಕ್ಕೆ ಢಬ್ ಎಂದು ಸದ್ದಾಗಿ ಮಂಟಪದ ಪಾರಿವಾಳಗಳೆಲ್ಲ ಎದ್ದುಹೋದವು. ಪ್ರತಿ ಸಾಲಿನ ತುದಿಯ ಗುಂಡಿ ನಲ್ಲಿ ಇದ್ದ ಹಾಗೆ, ಎಷ್ಟು ದನಿ ಒಳಗೆ ಬರಬೇಕು ಅನ್ನುವುದಕ್ಕೆ. ಕೆಂಪು ದೀಪ ಮಿನುಗಿದರೆ ಹಾಲು ಉಕ್ಕಿತು ಅಂತ ಅರ್ಥ, ತಗ್ಗಿಸಬೇಕು. ನಡುವಿನ ಗುಂಡಿಗಳು ರುಚಿಗೆ, ಒಂದು ಸೀಟಿಯಂಥ ತೆಳು ದನಿಯದು, ಒಂದು ನಡುವಿನದು, ಒಂದು ದಪ್ಪದ್ದು. ಕೆಳಗಿನ ಕಡ್ಡಿ ಬಡಿಸುವುದಕ್ಕೆ, ಎಷ್ಟು ದನಿ ಹೊರಗೆ ಹೋಗಬೇಕು ಅನ್ನುವುದಕ್ಕೆ. ಕಡ್ಡಿಗಳ ಕೆಳಗಿನ ಬಿಳಿ ಪಟ್ಟಿಯ ಮೇಲೆ ಅವನು ಹಿಂದಿಯಲ್ಲಿ ಬರೆಯುತ್ತಿದ್ದ. ನನಗೆ ಕನ್ನಡವೇ ಕೂಡಿಸಿ ಓದಬೇಕು, ಹಿಂದಿ ಎಲ್ಲಿಂದ? ಪೆನ್ನು ತೆಗೆದು ಸ್ವಾಮಿಗಳ ಮೈಕಿಗೆ ಬೆತ್ತ, ಹಾಡುವವರಿಗೆ ಎರಡು ಬಳೆ, ಹಾರ್ಮೋನಿಯಂಗೆ ಹಲ್ಲು ಬರೆದ. ಹಲ್ಲು ಯಾಕೆ ಅಂದರೆ, ಅದರ ಮನೆಗಳು ನನ್ನ ಹಲ್ಲಿನ ಹಾಗೆ ಒಂದಿದ್ದರೆ ಒಂದಿಲ್ಲವಂತೆ.

ಖಾಲಿ ಮಂಟಪವನ್ನು ಅವನು ನಂಬುತ್ತಿರಲಿಲ್ಲ. "ಖಾಲಿ ಇದ್ದಾಗ ಗೋಡೆ ಮಾತಾಡ್ತಾವ. ಮಂದಿ ಬಂದ್ರ ಅವರ ಮೈ ದನಿ ನುಂಗ್ತದ." ಅದಕ್ಕೇ ಪರೀಕ್ಷೆಗೆ ಮುಂಚೆ ನನ್ನ ಉಗ್ರಾಣದ ಅಕ್ಕಿಮೂಟೆಗಳನ್ನು ತರಿಸಿ ಸಾಲಾಗಿ ಕೂರಿಸಿ, ಅವಕ್ಕೆ ಕಂಬಳಿ ಹೊದಿಸುತ್ತಿದ್ದ. ಮೂಟೆಗಳ ಮುಂದೆ ನಿಂತು ಸಾಸಿವೆ, ಸೌತೆಕಾಯಿ ಅನ್ನುವ ಮನುಷ್ಯನನ್ನು ನೋಡಿ ಯಾತ್ರೆಗೆ ಬಂದವರು ನಗುತ್ತಿದ್ದರು.

ಹೀಗೇ ನಡೆದಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ.

ಒಂದು ಬೇಸಿಗೆಯಿಂದ ಮಂಟಪದ ದನಿ ಚುಚ್ಚತೊಡಗಿತು. ಸ ಅಂದರೆ ಕಿವಿಗೆ ಸೂಜಿ. ಹಾಡುವವರು ಉಸಿರೆಳೆದರೆ ಹಾವು ಬುಸ್ಸೆಂದ ಹಾಗೆ. ನಡುನಡುವೆ ಸೀಟಿ. ಅವನು ಮೈಕು ಬದಲಾಯಿಸಿದ, ತಂತಿ ಬದಲಾಯಿಸಿದ, ಸ್ಪೀಕರ್ ಬಿಚ್ಚಿ ಮತ್ತೆ ಜೋಡಿಸಿದ. ಹವೆ ಒಣಗಿದೆ ಅಂದ. ಮೈಕುಗಳು ನಕಲಿ ಅಂದ. ಭಜನೆಯ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿ ಕೂರತೊಡಗಿದರು. ಶ್ರಾವಣದ ಪ್ರವಚನಕ್ಕೆ ದೊಡ್ಡ ಸ್ವಾಮಿಗಳು ಬರುವವರಿದ್ದರು. ಮಠದ ಕಾರುಭಾರಿ ನನ್ನೆದುರಿಗೇ ಅವನಿಗೆ ಹೇಳಿದರು. "ಅಂದು ಒಂದು ಸೀಟಿ ಬಂತಂದ್ರ ಸಾಕು, ಮರುದಿನದಿಂದ ಗಂಗಾ ಆಚಿ ರಾಮನಗರದ ಮೈಕಿನ ಪಾರ್ಟಿ. ನಿಮ್ಮಪ್ಪನ ಮುಖಾ ನೋಡಿ ಇಷ್ಟು ದಿನ ಸುಮ್ನ ಇದ್ದೀನಿ."

ಅವನು ಹಲಗೆಗೆ ಹೊದಿಸುವ ಹಳೆ ಶಾಲನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಅಪ್ಪನಿಗೆ ಬೇಡವಾದ ಕೆಲಸವನ್ನು ಅಪ್ಪನ ಮಠದಲ್ಲೇ ಕೂತು ಮಾಡಿ ತೋರಿಸಿದ್ದ. ಆ ಮೇಜು ಹೋದರೆ ಅವನಿಗೆ ಉಳಿಯುವುದೇನು?

ಮರುದಿನ ಚಹಾ ಬೇಕೆಂದು ಅಡುಗೆಮನೆಗೆ ಬಂದ. ಚಹಾವನ್ನು ಹಲಗೆಯ ಹತ್ತಿರ ಒಯ್ಯುತ್ತಿರಲಿಲ್ಲ, ಚೆಲ್ಲಿದರೆ ಅದು ಸತ್ತಂತೆ ಅನ್ನುತ್ತಿದ್ದ. ಒಲೆಗೆ ಬೆನ್ನು ಹಾಕಿ ನಿಂತು ಕುಡಿಯುತ್ತಿದ್ದ. ಅವನ ಬೆನ್ನ ಹಿಂದೆಯೇ ಬೇಳೆಯ ಕುಕ್ಕರ್ ಸೀಟಿಗೆ ಮುಂಚಿನ ಸದ್ದು ಮಾಡುತ್ತಿತ್ತು, ಸುಸ್ಸ್ ಎಂದು. ಆ ಸದ್ದು ಕೇಳಿದವರು ಯಾರಾದರೂ ಒಂದು ಹೆಜ್ಜೆ ಸರಿಯುತ್ತಾರೆ. ಇವನು ಸರಿಯಲಿಲ್ಲ. "ಬ್ಯಾಳಿ ಇನ್ನಾ ಇಟ್ಟಿಲ್ಲೇನು?" ಎಂದು ಕೇಳಿದ.

ನನ್ನ ಕೈಯಲ್ಲಿದ್ದ ಚಿಮಟ ಹಾಗೇ ನಿಂತಿತು. ಎಲ್ಲ ಒಮ್ಮೆಗೇ ತಿಳಿಯಿತು. ಮೈಕೂ ಅಲ್ಲ, ಹವೆಯೂ ಅಲ್ಲ. ತೆಳು ದನಿ ಅವನಿಗೆ ಕೇಳುತ್ತಿಲ್ಲ. ಕೇಳುವ ತನಕ ಗುಂಡಿ ತಿರುವುತ್ತಾನೆ, ಅಷ್ಟು ಹೊತ್ತಿಗೆ ನಮ್ಮ ಕಿವಿ ಹರಿದಿರುತ್ತದೆ.

ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. "ನಿನ್ನ ಕಿವಿ ಹೋಗ್ಯಾವ" ಅಂದೆ.

"ಏನು?"

"ನೋಡು, ಅದೂ ಕೇಳಲಿಲ್ಲ."

ಅದು ಕೇಳಿಸಿತ್ತು. ಮುಖ ಕಪ್ಪಾಯಿತು. "ರೊಟ್ಟಿ ಬಡಿಯೋಕಿ ರೊಟ್ಟಿ ಬಡಿ ಮೌಸಿ. ನನ್ನ ಧಂದೆಯಾಗ ಬಾಯಿ ಹಾಕಬ್ಯಾಡ." ಲೋಟ ಕುಕ್ಕಿ ಹೊರಟ. ಆಗ ಕುಕ್ಕರ್ ಕೂಗಿತು. ಬಾಗಿಲಲ್ಲಿ ಒಂದು ಕ್ಷಣ ನಿಂತ. ತಿರುಗಲಿಲ್ಲ, ಹೋದ.

ನಾಲ್ಕು ದಿನ ಬರಲಿಲ್ಲ. ಪ್ರವಚನಕ್ಕೆ ಎಂಟು ದಿನ ಉಳಿದಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಬೇರೆ ಯಾರಿಗಾದರೂ ಹೇಳಿದರೆ ಸೋನಾರ್‌ಪುರವೆಲ್ಲ ಸುದ್ದಿಯಾಗುತ್ತದೆ, ಕಿವುಡನನ್ನು ಮೈಕಿಗೆ ಯಾರು ಕರೆಯುತ್ತಾರೆ? ಹೇಳದಿದ್ದರೆ ಸೀಟಿ ಬರುತ್ತದೆ, ಕಾರುಭಾರಿ ಆಡಿದ್ದು ಮಾಡುವವರು. ಐದನೇ ದಿನ ಇ-ರಿಕ್ಷಾ ಹತ್ತಿ ಅವನ ಅಂಗಡಿಗೆ ಹೋದೆ. ಶಟರ್ ಇಳಿದಿತ್ತು. ಪಕ್ಕದ ದರ್ಜಿ ಸೂಜಿ ಬಾಯಲ್ಲಿಟ್ಟುಕೊಂಡೇ "ಸಾರನಾಥ್ ಗಯೇ ಹೈಂ, ಮಾಯಿ. ಪ್ರೋಗ್ರಾಂ ಹೈ" ಅಂದ. ಆ ಕಿವಿ ಇಟ್ಟುಕೊಂಡು ಕಾರ್ಯಕ್ರಮಕ್ಕೆ ಹೋಗಿದ್ದಾನೆ! ಶಟರಿಗೆ ಒಂದು ಒದೆ ಕೊಟ್ಟು ಬಂದೆ.

ಮರುದಿನ ಬೆಳಿಗ್ಗೆ ನಾನು ಹಿಟ್ಟು ನಾದುವಾಗ ಬಂದು ಹೊಸ್ತಿಲ ಮೇಲೆ ಕೂತ. ಹಾಗೆ ಕೂರುವವನಲ್ಲ ಅವನು.

"ಸಾರನಾಥದಾಗ ಬಯಲಿನಾಗ ಪ್ರೋಗ್ರಾಂ ಇತ್ತು" ಅಂದ. "ಮಂದಿ ಬರೋಕಿಂತ ಮೊದ್ಲು ಸಾಸಿವೆ ಸೌತೆಕಾಯಿ ಅಂದೆ. ನನಗ ಛಂದ ಕೇಳೋ ಮಟ ಗುಂಡಿ ತಿರುವಿದೆ. ಠೀಕ್ ಆತು ಅಂತ ತಲಿ ಎತ್ತಿ ನೋಡ್ತೀನಿ, ಗೇಟಿನ ಚೌಕೀದಾರ ಎರಡೂ ಕಿವ್ಯಾಗ ಬಟ್ಟು ಇಟ್ಕೊಂಡು ನಿಂತಾನ."

ನಾನು ಹಿಟ್ಟು ನಾದುತ್ತಲೇ ಇದ್ದೆ.

"ಕೆಳಗಿಂದೆಲ್ಲ ಅದ ಮೌಸಿ. ಮ್ಯಾಲಿಂದು ಹೋಗ್ಯಾದ. ನನಗ ಗೊತ್ತೇ ಆಗ್ಲಿಲ್ಲ ನೋಡು."

"ಈಗ ಗೊತ್ತಾತಲ್ಲ. ಎದ್ದೇಳು, ಮೂಟೆ ಹೊರು" ಅಂದೆ.

ಆರು ದಿನ ಅಕ್ಕಿಮೂಟೆಗಳ ನಡುವೆ ನಾನು ನಿಂತೆ, ಅವನು ಹಲಗೆಯ ಹಿಂದೆ. ಅವನು ತಿರುವುತ್ತ ಹೋಗುವುದು, ನಾನು ಕೈ ಎತ್ತುವುದು. ಕೈ ಎತ್ತಿದಲ್ಲಿ ನಿಲ್ಲಿಸಬೇಕು. ಅವನಿಗೆ ಅದು ಸತ್ತ ದನಿಯ ಹಾಗೆ ಕೇಳುತ್ತಿತ್ತಂತೆ, ಬೆರಳು ತಾನಾಗಿಯೇ ಮುಂದೆ ಹೋಗುತ್ತಿತ್ತು. ಆ ತೆಳು ದನಿಯ ಗುಂಡಿಯ ಪಕ್ಕದಲ್ಲಿ ಗುರುತು ಬೇಕಾಯಿತು. ಬಚ್ಚಲಿನ ಕನ್ನಡಿಗೆ ಯಾವ ಹೆಂಗಸೋ ಅಂಟಿಸಿ ಮರೆತುಹೋದ ಕೆಂಪು ಬಿಂದಿ ಇತ್ತು. ಕಿತ್ತುತಂದು ಅಂಟಿಸಿದೆ, ಇದನ್ನು ದಾಟಬೇಡ ಎಂದೆ. ಅವನು ತುಂಬ ಹೊತ್ತು ನೋಡಿ, ಆರು ದಿನದಲ್ಲಿ ಮೊದಲ ಸಲ ನಕ್ಕ. "ಅರೇ, ಅಬ್ ತೋ ಮಿಕ್ಸರ್ ಭೀ ಸುಹಾಗನ್! ಮುತ್ತೈದಿ ಆತು!"

ಪ್ರವಚನದ ದಿನ ಮಂಟಪ ತುಂಬಿತ್ತು. ನಾನು ಅಡುಗೆಯನ್ನು ಇನ್ನೊಬ್ಬಳಿಗೆ ಬಿಟ್ಟು ಅವನ ಪಕ್ಕದ ಸ್ಟೂಲಿನಲ್ಲಿ ಕೂತೆ. ಎರಡೂ ಕೈ ಕುಂಡಿ ಕೆಳಗೆ. ಕಾಲು ಕುಣಿಯುತ್ತಿತ್ತು, ಅದಕ್ಕೆ ಏನು ಮಾಡಲಿ? ಹಾಡು ಮುಗಿಯಿತು, ಸ್ವಾಮಿಗಳು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಹಾರ್ಮೋನಿಯಂನವನು ಎದ್ದು ಹೋಗುತ್ತ ತನ್ನ ಮೈಕಿನ ಕೋಲು ಸ್ಪೀಕರಿನ ಕಡೆ ತಿರುಗಿಸಿ ಹೋದ. ಮೈಕು ಸ್ಪೀಕರಿಗೆ ಮುಖ ಕೊಟ್ಟರೆ ಸೀಟಿಯೇ. ನೂಲಿನೆಳೆಯಷ್ಟು ಸಣ್ಣಗೆ ಎದ್ದಿತು. ಇನ್ನೂ ಯಾರಿಗೂ ಕೇಳಿಸಿರಲಿಲ್ಲ. ಬೆಳೆಯುತ್ತಿತ್ತು. ಇವನು ಸ್ವಾಮಿಗಳ ಮಾತಿಗೆ ತಲೆದೂಗುತ್ತ ಕೂತಿದ್ದಾನೆ! ಬಾಗಿಲ ಹತ್ತಿರ ಕಾರುಭಾರಿ ನಿಂತಿದ್ದಾರೆ. ಬಾಯಿ ತೆರೆಯುವಂತಿಲ್ಲ. ಕೈ ಹೊರಗೆ ತೆಗೆದೆ, ಅವನ ಬೋಳು ಹೆಬ್ಬೆರಳು ಹಿಡಿದು ಹಲ್ಲು ಬರೆದ ಕಡ್ಡಿಯ ಮೇಲೆ ಇಟ್ಟೆ. ಅವನು ನನ್ನ ಮುಖ ನೋಡಿದ. ಯಾಕೆ ಎಂದು ಕೇಳಲಿಲ್ಲ. ತನಗೆ ಕೇಳಿಸದ ಸದ್ದನ್ನು ನನ್ನ ಮುಖ ನೋಡುತ್ತ ಕೆಳಗೆ ಎಳೆದ. ಎಳೆ ತೆಳುವಾಯಿತು, ಹರಿಯಿತು. ನಾನು ತಲೆ ಆಡಿಸಿದೆ. ಬೆರಳು ನಿಂತಿತು.

ಮುಗಿದ ಮೇಲೆ ಯಾರೂ ಬಂದು ಚೆನ್ನಾಗಿತ್ತು ಅನ್ನಲಿಲ್ಲ. ಕಾರುಭಾರಿ ಪ್ರಸಾದದ ಕಡೆ ಹೋದರು. ನನಗೆ ಸಿಟ್ಟು ಬಂತು. ಅವನು ತಂತಿ ಸುತ್ತುತ್ತ ಹೇಳಿದ, "ಹುಚ್ಚಿ ಇದ್ದಿ ಮೌಸಿ. ಯಾರೂ ಹಿಂದ ತಿರುಗಿ ನೋಡ್ಲಿಲ್ಲ. ಅದಕ್ಕಿಂತ ಇನ್ನೇನ್ ಬೇಕು?"

ಮುಂದಿನ ಎರಡು ವರ್ಷ ಹೀಗೇ ನಡೆಸಿದೆವು, ಅವನ ಬೆರಳು, ನನ್ನ ಕಿವಿ. ಕಾರುಭಾರಿಗೆ ಗೊತ್ತಿತ್ತೋ ಏನೋ, ಸ್ಟೂಲಿಗೆ ಒಂದು ಮೆತ್ತೆ ಹಾಕಿಸಿಕೊಟ್ಟರು.

ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ ಅವನಿಗೆ ಎದೆ ಹಿಡಿದುಕೊಂಡಿತಂತೆ. ಆಸ್ಪತ್ರೆ ಮುಟ್ಟಲಿಲ್ಲ. ಕಾಶಿಯಲ್ಲಿ ಸತ್ತರೆ ಪುಣ್ಯ ಎಂದು ಬಂದವರೆಲ್ಲ ಹೇಳಿದರು. ಇಲ್ಲೇ ಹುಟ್ಟಿದವನಿಗೆ ಬೇರೆ ಎಲ್ಲಿ ಸಾಯಲು ಆಗುತ್ತಿತ್ತು?

ಹತ್ತು ದಿನದ ಮೇಲೆ ಮಂಟಪದಲ್ಲಿ ಅವನ ಹೆಸರಿನಲ್ಲಿ ಪ್ರಾರ್ಥನೆ. ರಾಮನಗರದ ಪಾರ್ಟಿಗೆ ಹೇಳೋಣವೇ ಎಂದು ಕಾರುಭಾರಿ ನನ್ನನ್ನೇ ಕೇಳಿದರು. ಬೇಡ ಅಂದೆ. ಮೂಟೆ ಹೊರಿಸಿದೆ, ಕಂಬಳಿ ಹೊದಿಸಿದೆ. ಕಡ್ಡಿಗಳನ್ನೆಲ್ಲ ಕೆಳಗೆ ಎಳೆದೆ. ಮಿಕ್ಸರ್ ಮೊದಲು, ಆಮೇಲೆ ಆಂಪ್ಲಿಫೈಯರ್. ಮೈಕಿನ ಮುಂದೆ ನಿಂತು ಸಾಸಿವೆ, ಸೌತೆಕಾಯಿ, ಸಬ್ಬಸಿಗೆ ಅಂದೆ. ನನಗೆ ಉದುರಿದ ಹಲ್ಲು, ಸ ಸರಿಯಾಗಿ ಬರುವುದಿಲ್ಲ. ಆದರೂ ಬಿಂದಿಯ ಹತ್ತಿರವೇ ಸರಿ ಇತ್ತು.

ಮಂದಿ ಬಂದರು. ಹಾಡು ಆಯಿತು, ಮಾತು ಆಯಿತು. ಪಕ್ಕದ ಸ್ಟೂಲಿನಲ್ಲಿ ನಾನಿರಲಿಲ್ಲ, ಅವನ ಕುರ್ಚಿಯಲ್ಲಿ ಕೂತಿದ್ದೆ. ಕೈ ತುರಿಸಿತು. ಕುಂಡಿ ಕೆಳಗೆ ಇಟ್ಟುಕೊಂಡೆ. ಕಾಲು ಕುಣಿಯಿತು, ಕುಣಿಯಲಿ ಎಂದು ಬಿಟ್ಟೆ.

ಕೊನೆಯವರೆಗೆ ಒಬ್ಬರೂ ಹಿಂದೆ ತಿರುಗಿ ನೋಡಲಿಲ್ಲ.