ದುರ್ಬೀನಿನ ಪಟ್ಟಿ, ಬಸಪ್ಪನ ಬೆಲ್ಟು

ಗೆಳೆಯರೇ, ಹಕ್ಕಿ ನೋಡುವ ನನ್ನ ದುರ್ಬೀನಿನ ಹಳೆಯ ಪಟ್ಟಿ ಕತ್ತನ್ನು ಕೊರೆಯುತ್ತಿತ್ತು. ಇವತ್ತು ಬೆಳಿಗ್ಗೆ ನಾಶಿಕದ ಅಂಗಡಿಯೊಂದರಲ್ಲಿ ಅರ್ಧ ಗಂಟೆ ನಿಂತು, ನಾಲ್ಕು ಪಟ್ಟಿ ಹಾಕಿ ನೋಡಿ, ಅಗಲವಾದ ಮೆತ್ತನೆಯ ಒಂದನ್ನು ಆರಿಸಿ ತಂದೆ.

ಮನೆಯ ಗೇಟಿನ ಬಳಿ ಅದನ್ನು ಸಿಕ್ಕಿಸುತ್ತಿದ್ದೆ. ಎದುರಿನ ಹೊಸ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಯಾದಗಿರಿಯ ಶಾಂತವ್ವ ಬಂದು ಕೇಳಿದಳು, "ಎಷ್ಟ್ ಭಾರ ಐತ್ರಿ ಸರ?"

"ಮುಕ್ಕಾಲು ಕೆಜಿ" ಎನ್ನುವಾಗ ನನಗೇ ನಾಚಿಕೆಯಾಯಿತು. ಆಕೆ ನಗಲಿಲ್ಲ.

"ಕುತ್ತಿಗಿಗೆ ಯಾಕ್ ಹಾಕ್ತೀರಿ? ಹೆಗಲ ಮ್ಯಾಲಿಂದ ಅಡ್ಡ ಹಾಕ್ರಿ. ಕೂಸಿನ್ನ ನಾವು ಹಂಗ ಕಟ್ಕೋತೀವಿ."

ನೋಡಲೆಂದು ದುರ್ಬೀನು ಕೊಟ್ಟೆ. ಆಕೆ ನೇರ ಐದನೆಯ ಮಹಡಿಗೆ ತಿರುಗಿಸಿದಳು. ಅಲ್ಲಿ ಅವಳ ಗಂಡ ಬಸಪ್ಪ ಸಾರುವೆಯ ಮೇಲೆ ನಿಂತು ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡುತ್ತಿದ್ದ.

"ಸೇಫ್ಟಿ ಬೆಲ್ಟ್ ಹಾಕ್ಕೊಂಡಿಲ್ಲ ನೋಡ್ರಿ. ಹೆಗಲು ಕೊರೀತೈತಿ ಅಂತಾನ." ದುರ್ಬೀನು ಇಳಿಸಿ, ಅದರ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿ ಕೇಳಿದಳು, "ಈ ಮೆತ್ತನ್ ಪಟ್ಟಿ ಎಲ್ಲಿ ಸಿಗತೈತ್ರಿ?"

ಬಿಚ್ಚಿ ಕೊಟ್ಟುಬಿಟ್ಟೆ. ಊಟದ ಹೊತ್ತಿಗೆ ಬಸಪ್ಪ ಕೆಳಗಿಳಿದಾಗ, ಅವನ ಬೆಲ್ಟಿನ ಹೆಗಲಿಗೆ ಅದನ್ನು ಸುತ್ತಿ ದಬ್ಬಣದಿಂದ ಹೊಲಿದಳು. ನಾನು ನಾಲ್ಕು ಪಟ್ಟಿ ಹಾಕಿ ನೋಡಿದ್ದೆ. ಆ ಬೆಲ್ಟು ಒತ್ತುತ್ತದೆಯೇ ಎಂದು ಅವನನ್ನು ಯಾರೂ ಕೇಳಿರಲಿಲ್ಲ.

ದುರ್ಬೀನು ಈಗ ಹಳೆಯ ಪಟ್ಟಿಯಲ್ಲೇ ಹೆಗಲಿಂದ ಅಡ್ಡ ತೂಗುತ್ತಿದೆ. ಕತ್ತು ನೋಯುತ್ತಿಲ್ಲ. ಸಂಜೆ ಬಾಲ್ಕನಿಯಿಂದ ಮೊದಲು ನೋಡಿದ್ದು ಬಸಪ್ಪನನ್ನೇ. ಬೆಲ್ಟು ಹಾಕಿಕೊಂಡಿದ್ದ, ಕೊಕ್ಕೆಯನ್ನೂ ಸಿಕ್ಕಿಸಿದ್ದ. ಹೆಗಲು ಕೊರೆಯುತ್ತದೆಂಬ ನೆಪ ಕಳೆದುಕೊಂಡ ಅವನೂ ನನ್ನನ್ನು ನೋಡಿದ. ಅಷ್ಟು ಸಿಟ್ಟಿನಿಂದ ಯಾವ ಹಕ್ಕಿಯೂ ಇದುವರೆಗೆ ನನ್ನನ್ನು ನೋಡಿಲ್ಲ.