ಕಾಕಾನ ಗಾಡಿಗೊಂದು ಕ್ಯಾಮೆರಾ

ಕಾಕಾನ ಎರಡು ಕೈ ನೋಡಿದರೆ ಒಬ್ಬನೇ ಮನುಷ್ಯನವು ಅನ್ನಿಸುತ್ತಿರಲಿಲ್ಲ. ಎಡಗೈ ಗೋಧಿ ಬಣ್ಣದ್ದು. ಬಲಗೈ ಮಾತ್ರ ಮೊಣಕೈಯಿಂದ ಮುಂಗೈವರೆಗೆ ಹೊತ್ತಿದ ರೊಟ್ಟಿಯ ಹಾಗೆ ಕಪ್ಪು. ನೀರಾವರಿ ಇಲಾಖೆಯ ಜೀಪು ನಡೆಸಿಯೇ ನೌಕರಿ ಮುಗಿಸಿದವರು ಅವರು. ಬಲಗೈಯನ್ನು ಕಿಟಕಿಯ ಮೇಲಿಟ್ಟುಕೊಂಡು ಇಡೀ ಜಿಲ್ಲೆಯ ಬಿಸಿಲನ್ನು ಅದೊಂದಕ್ಕೇ ಕುಡಿಸಿದ್ದರು. ತುಂಬು ತೋಳಿನ ಅಂಗಿ ಹಾಕಿಕೊಳ್ಳಬಾರದೇ ಅಂದರೆ, "ಯಾಕ? ನನ್ನ ನೌಕರಿ ಗುರುತು ಅದ ಇದು. ಮುಚ್ಚಿಡೋದೇನದ ಇದ್ರಾಗ?" ಎನ್ನುತ್ತಿದ್ದರು.

ಕಲಬುರಗಿಯ ಬ್ರಹ್ಮಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ರಕ್ತಸಂಬಂಧ ಏನೂ ಇರಲಿಲ್ಲ. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ನಾನು ಕಮಲಾಪುರದ ಸರಕಾರಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ದಿನಾ ಬಸ್ಸಿಗೆ ಹೋಗುತ್ತಿದ್ದೆ, ಗುರುವಾರ ಮಾತ್ರ ಕಾಕಾನ ಬಿಳಿ ಕಾರಿಗೆ. ಕಮಲಾಪುರದಲ್ಲಿ ಅವರ ಅಕ್ಕ ಇದ್ದರು. ತಾಯಿ ಹೋದ ಮೇಲೆ ಕಾಕಾನನ್ನು ಸಾಕಿದವರು ಆ ಅಕ್ಕನೇ. ಗುರುವಾರ ಮಧ್ಯಾಹ್ನದ ಊಟ ಅಲ್ಲಿ ಎಂಬುದು ಎಂದೋ ಆದ ಕಟ್ಟಳೆ. ಓಣಿಯ ತಿರುವಿನಲ್ಲಿ ಕಾಕಾ ಹಾರ್ನ್ ಹೊಡೆಯಬೇಕು, ಅದನ್ನು ಕೇಳಿ ಅಕ್ಕ ಹಂಚಿನ ಮೇಲೆ ಮೊದಲ ರೊಟ್ಟಿ ಹಾಕಬೇಕು. ಬಸ್ಸಿಗೆ ಹೋಗಬಹುದಿತ್ತಲ್ಲ ಅಂತ ಒಮ್ಮೆ ಕೇಳಿದ್ದೆ. "ಬಸ್ಸಿನ ಹಾರ್ನ್ ಕೇಳಿ ಯಾರು ರೊಟ್ಟಿ ಹಾಕ್ತಾರ?" ಅಂದಿದ್ದರು.

ಗಾಡಿ ಹೊಡೆಯುವುದರಲ್ಲಿ ಅವರದೇ ಒಂದು ಮಡಿ. ಚಾಲೂ ಮಾಡುವ ಮುಂಚೆ ಬಗ್ಗಿ ಕೆಳಗೆ ನಾಯಿಮರಿ ಮಲಗಿದೆಯೋ ನೋಡಬೇಕು. ಹೊರಟ ಮೇಲೆ ಎತ್ತಿನ ಜೊತೆ ಮಾತಾಡಿದ ಹಾಗೆ ಕಾರಿನ ಜೊತೆ ಮಾತು: "ಹ್ಞಾಂ, ಸಾವಕಾಶ, ಸಾವಕಾಶ." ಮಾತು ಮುಗಿದರೆ ಭಜನೆ ಗುನುಗುವುದು. ಸಂಜೆ ಊರ ಹೊರಗೆ ಬಂದ ಮೇಲೆ ನನಗೆ ಸ್ಟೇರಿಂಗ್ ಕೊಟ್ಟು ಕಲಿಸುತ್ತಿದ್ದರು. ಕಲಿಸುವುದೆಂದರೆ ಬೈಯುವುದು. "ಕ್ಲಚ್ಚಿನ ಮ್ಯಾಲಿಂದ ಕಾಲು ತಗಿ ಮಗಳ, ಅದೇನು ಹೊಲಿಗಿ ಮಷೀನಲ್ಲ!" ನಾನೂ ಸುಮ್ಮನಿರುವ ಪೈಕಿ ಅಲ್ಲ, ಎದುರು ಮಾತಾಡುತ್ತಿದ್ದೆ. ಜಗಳ ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಅವರ ಒಂದೇ ಮಾತಿಗೆ: "ನನ್ನ ಕೈಯಾಗ ಇವತ್ತಿನ ತನಕ ಒಂದು ಕೋಳೀನೂ ಸತ್ತಿಲ್ಲ."

ಆ ಮಾತಿಗೆ ಪೆಟ್ಟು ಬಿದ್ದದ್ದು ಒಂದು ಗುರುವಾರ, ನನ್ನನ್ನು ದವಾಖಾನೆಗೆ ಬಿಟ್ಟು ಹೋಗುವಾಗ, ಕಮಲಾಪುರದ ಬಜಾರಿನಲ್ಲಿ. ಬೈಕಿನ ಹುಡುಗನೊಬ್ಬ ಕಾರಿಗೆ ತಾಗಿ ಬಿದ್ದ. ಮೊಣಕಾಲು ತರಚಿತು. ಮುದುಕ ನೋಡದೇ ನುಗ್ಗಿಸಿದ ಅಂತ ಅವನು, ನಾನು ಗಾಡಿ ನಿಲ್ಲಿಸಿಕೊಂಡು ನಿಂತಿದ್ದೆ ಅಂತ ಕಾಕಾ. ಜನ ಸೇರಿದರು. ಯಾರೋ ಫೋನ್ ಮಾಡಿ ಕಲಬುರಗಿಯಿಂದ ಕಾಕಾನ ಅಳಿಯನನ್ನು ಕರೆಸಿದರು. ಅಳಿಯ ಒಳ್ಳೆಯ ಮನುಷ್ಯನೇ. ಬಂದವನು ಏನೂ ವಿಚಾರಿಸದೆ ಆ ಹುಡುಗನಿಗೆ ಕೈ ಮುಗಿದು, "ವಯಸ್ಸಾಗ್ಯಾದ ಅವರಿಗಿ, ಮಾಫ್ ಮಾಡ್ರಿ" ಅಂದುಬಿಟ್ಟ. ಗಲಾಟೆ ಮುಗಿಯಿತು. ಕಾಕಾನ ಮನಸ್ಸಿನಲ್ಲಿ ಮಾತ್ರ ಮುಗಿಯಲಿಲ್ಲ.

ಮನೆಯಲ್ಲಿ ಪಂಚಾಯಿತಿ ಕೂಡಿತು. ನನ್ನನ್ನೂ ಕರೆದಿದ್ದರು. ಗಾಡಿ ಮಾರಿಬಿಡೋಣ ಅಂದ ಅಳಿಯ. ಕಾಕು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅವನ ಪರವಾಗಿಯೇ ಮಾತಾಡಿದರು. ಕಾಕಾ ಅಳಿಯನನ್ನು ಕೇಳಿದರು: "ನನ್ನ ಪರವಾಗಿ ನೀವು ಯಾಕ ಕೈ ಮುಗದ್ರಿ? ತಪ್ಪು ಮಾಡಿದ್ರ ಮುಗ್ಯಾಕ ನನಗ ಕೈ ಇಲ್ಲೇನು?"

ಅಲ್ಲೇ ಘೋಷಿಸಿಯೂ ಬಿಟ್ಟರು. "ಗಾಡಿಗಿ ಕ್ಯಾಮೆರಾ ಹಾಕಸ್ತೀನಿ. ಅದಕ್ಕ ಯಾರ ಮ್ಯಾಲೂ ಪ್ರೀತಿ ಇಲ್ಲ, ಯಾರ ಮ್ಯಾಲೂ ಸಿಟ್ಟಿಲ್ಲ. ಅದ್ರಾಗ ನನ್ನ ತಪ್ಪು ಒಂದು ಕಂಡ್ರೂ ಚಾವಿ ನಿಮ್ಮ ಕೈಯಾಗ ಇಡ್ತೀನಿ. ಕಾಣಲಿಲ್ಲಂದ್ರ ಈ ಮನ್ಯಾಗ ಯಾರೂ ಮಾತಾಡಬಾರದು." ಒಳ್ಳೆಯದನ್ನೇ ನಾನು ಕೊಡಿಸುತ್ತೇನೆ ಅಂದ ಅಳಿಯನಿಗೆ, "ಸಾಕ್ಷಿ ನಂದು, ರೊಕ್ಕಾನೂ ನಂದ" ಅಂದರು. ಪಿಂಚಣಿಯವರ ರೊಕ್ಕ. ಹೀಗೆ ಅಗ್ಗದ, ಆದರೆ ಕೈಕೊಡದ ಕ್ಯಾಮೆರಾ ಹುಡುಕುವ ಕೆಲಸ ನನ್ನ ಕೊರಳಿಗೆ ಬಿತ್ತು.

ಫೋನಿನಲ್ಲಿ ಹುಡುಕಿದೆ. ಹೇಳುವವರೆಲ್ಲ ಚಿತ್ರ ಎಷ್ಟು ಸ್ಪಷ್ಟ, ಪರದೆ ಎಷ್ಟು ದೊಡ್ಡದು ಅಂತಲೇ ಹೇಳುತ್ತಾರೆ. ಮೇ ತಿಂಗಳ ಮಧ್ಯಾಹ್ನ ಕಿಟಕಿ ಏರಿಸಿ ನಿಲ್ಲಿಸಿದ ಕಾರಿನೊಳಗೆ ಅದು ಜೀವ ಹಿಡಿದುಕೊಂಡಿರುತ್ತದೋ ಇಲ್ಲವೋ ಅಂತ ಒಬ್ಬನೂ ಹೇಳಲೊಲ್ಲ. ನಮಗೆ ಬೇಕಾದದ್ದು ಅದೊಂದೇ. ಕೊನೆಗೆ ಇಬ್ಬರೂ ಊರಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋದೆವು. ಕಾರಿನ ಸಾಮಾನಿನ ಅಂಗಡಿಯವನು ಒಂದೊಂದೇ ಡಬ್ಬಿ ಬಿಚ್ಚಿ ಇಟ್ಟ.

"ಚಾಚಾ, ಯೇ ದೇಖೋ. ಮುಂದ, ಹಿಂದ, ಎರಡೂ ಕಡೆ ತಗೀತದ."

"ಹಿಂದಿಂದು ತಗೊಂಡು ಏನ್ ಮಾಡ್ಲಿ ಮಿಯಾ? ನಾ ಮುಂದ ನೋಡಿ ಗಾಡಿ ಹೊಡ್ಯಾಂವ. ನಮ್ಮ ಬಿಸಿಲಿಗಿ ತಡೀತದೇನು ಅದನ್ನ ಹೇಳು."

ಅಂಗಡಿಯವನು ನಕ್ಕ. "ಖರೇ ಹೇಳ್ಲೇನ್ರೀ? ಒಳಗ ಬ್ಯಾಟರಿ ಇದ್ದದ್ದು ಉಬ್ಬತದ. ರಬ್ಬರ್ ಬಟ್ಟಲಿಂದ ಗ್ಲಾಸಿಗಿ ಅಂಟಸೋದು ಬಿಸಿಲಿಗಿ ಕಳಚಿ ಬೀಳ್ತದ. ಬ್ಯಾಟರಿ ಬದ್ಲಿ ಕೆಪಾಸಿಟರ್ ಇದ್ದದ್ದು, ಟೇಪಿನಿಂದ ಅಂಟಸೋದು, ಇದೊಂದು ಅದ. ಆದ್ರ ಪರದೆ ಇಲ್ಲ."

ಪರದೆ ಬೇಡವಾಗಿತ್ತು. ಪರದೆ ಇದ್ದರೆ ಕಾಕಾ ರಸ್ತೆ ಬಿಟ್ಟು ಅದನ್ನೇ ನೋಡುತ್ತಿದ್ದರು. ಅದನ್ನೇ ಕೊಂಡೆವು. ಉಳಿತಾಯ ಮಾಡಬಾರದ ಜಾಗ ಒಂದೇ, ಮೆಮೊರಿ ಕಾರ್ಡು. ಈ ಕ್ಯಾಮೆರಾಗಳು ಸತತ ಬರೆಯುತ್ತಲೇ ಇರುತ್ತವೆ. ಕಾರ್ಡು ತುಂಬಿದ ಕೂಡಲೇ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತವೆ. ಅಷ್ಟು ಅಳಿಸಿ ಬರೆಯುವುದನ್ನು ಸಾದಾ ಕಾರ್ಡು ತಾಳುವುದಿಲ್ಲ. ಅದಕ್ಕೆಂದೇ ಮಾಡಿದ ಗಟ್ಟಿ ಕಾರ್ಡು ತೆಗೆದುಕೊಂಡೆವು, ಅಳತೆ ಸಣ್ಣದಾದರೂ ಚಿಂತೆಯಿಲ್ಲ ಅಂತ. ಗಾಡಿ ಜೋರಾಗಿ ಅಲುಗಿದರೆ ಮಾತ್ರ ಆ ಹೊತ್ತಿನ ತುಣುಕನ್ನು ಕ್ಯಾಮೆರಾ ತಾನೇ ಅಳಿಸದೆ ಕಾದಿಡುತ್ತದೆ. ಕಾಕಾನಿಗೆ ಆ ವಿಷಯ ಬಹಳ ಹಿಡಿಸಿತು. "ಶಾಣ್ಯಾ ಅದ" ಎಂದು ಡಬ್ಬಿಯನ್ನು ತಟ್ಟಿದರು.

ಕೂಡಿಸಿದ್ದು ನಾವೇ, ಮನೆಯ ಮುಂದಿನ ಬೇವಿನ ನೆರಳಲ್ಲಿ. ತಮ್ಮ ಗಾಡಿಯ ವೈರಿಗೆ ಯಾರೂ ಕತ್ತರಿ ಹಾಕಕೂಡದು ಎಂದು ಕಾಕಾನ ಹಟ. ಹಾಗಾಗಿ ಸಿಗರೇಟ್ ಹಚ್ಚುವ ತೂತಿನಿಂದಲೇ ಕರೆಂಟು. ಕನ್ನಡಿಯ ಹಿಂದೆ ಗಾಜು ಒರೆಸಿ, ಪೂರಾ ಒಣಗಿಸಿ, ಟೇಪು ಅಂಟಿಸಿದೆ. ವೈರನ್ನು ಹಳೆಯ ಎಟಿಎಂ ಕಾರ್ಡಿನಿಂದ ಚಾವಣಿಯ ಬಟ್ಟೆಯ ಅಂಚಿನೊಳಗೆ ಒತ್ತುತ್ತಾ, ಬಾಗಿಲ ರಬ್ಬರಿನ ಸಂದಿಯಲ್ಲಿ ಕೆಳಗಿಳಿಸಿದೆವು. ಕಾಕಾ ಪ್ರತಿ ಗೇಣಿಗೂ "ಸಾವಕಾಶ" ಅನ್ನುತ್ತಿದ್ದರು. ಗಾಡಿಗೋ ನನಗೋ ತಿಳಿಯಲಿಲ್ಲ.

ಮೊದಲ ಭಾನುವಾರ ಕಾರ್ಡು ತೆಗೆದು ನನ್ನ ಲ್ಯಾಪ್‌ಟಾಪಿಗೆ ಹಾಕಿದರೆ ರಸ್ತೆಯೇ ಇಲ್ಲ! ಪರದೆ ತುಂಬ ಕೆಂಪು ಮಬ್ಬು, ಅದರ ಮುಂದೆ ಏನೋ ಹಸಿರು ಉದ್ದನೆಯದು ಜೋಲಾಡುತ್ತಿದೆ. ಅಂಗಡಿಯವನು ಟೋಪಿ ಹಾಕಿದ ಅಂತ ಕಾಕಾ ಚಪ್ಪಲಿ ಮೆಟ್ಟಿಯೇಬಿಟ್ಟಿದ್ದರು. ನಾನು ಕಾರಿನ ಹತ್ತಿರ ಹೋಗಿ ನೋಡಿದೆ. ಹೊಸ ಸಾಮಾನು ಬಂತೆಂದು ಕಾಕು ಪೂಜೆ ಮಾಡಿದ್ದರು. ಕುಂಕುಮವನ್ನು ಸರಿಯಾಗಿ ಕ್ಯಾಮೆರಾದ ಕಣ್ಣಿಗೇ ಹಚ್ಚಿ, ದೃಷ್ಟಿಯಾಗದಿರಲಿ ಅಂತ ಅದರ ಮುಂದೆಯೇ ನಿಂಬೆಹಣ್ಣು ಮೆಣಸಿನಕಾಯಿ ತೂಗಿಬಿಟ್ಟಿದ್ದರು.

"ಕಣ್ಣಿಗಿ ಯಾರರೆ ಕುಂಕುಮ ಹಚ್ತಾರೇನ?" ಅಂತ ಕಾಕಾ.

"ಅದಕ್ಕ ಹಣಿ ಎಲ್ಲದ, ನೀವ ತೋರಸ್ರಿ!" ಅಂತ ಕಾಕು.

ನಾನು ನಕ್ಕು ನಕ್ಕು ಕಟ್ಟೆಯ ಮೇಲೆ ಕುಳಿತೆ. ಕನ್ನಡಕ ಒರೆಸುವ ಬಟ್ಟೆಯಿಂದ ಕಣ್ಣು ಸ್ವಚ್ಛ ಮಾಡಿದ ಮೇಲೆ ಕಾಕು ಅದರ ನೆತ್ತಿಗೆ ಕುಂಕುಮ ಹಚ್ಚಿದರು. ನಿಂಬೆಹಣ್ಣು ಬಂಪರಿಗೆ ಹೋಯಿತು.

ಅಲ್ಲಿಂದ ಭಾನುವಾರ ಸಂಜೆಯೆಂದರೆ ನಮ್ಮ ಮನೆಯಲ್ಲಿ ಕಾಕಾನ ಸಿನಿಮಾ. ಚಹಾ ಹಿಡಿದುಕೊಂಡು ತಾವು ಹೋಗಿ ಬಂದ ರಸ್ತೆಯನ್ನೇ ಮತ್ತೆ ನೋಡುವರು. "ನೋಡು, ಇಂವ ಹೆಂಗ ನುಗ್ಗಿದ. ನೋಡು, ನಾ ಹೆಂಗ ಬಿಟ್ಟುಕೊಟ್ಟೆ." ತಪ್ಪೇನಾದರೂ ಅದರಲ್ಲಿದ್ದರೆ ಎಲ್ಲರದೂ ಇತ್ತು, ಕಾಕಾನದು ಇರಲಿಲ್ಲ. ಅಳಿಯನೂ ಒಂದೆರಡು ಸಲ ಬಂದು ನೋಡಿ ಸುಮ್ಮನಾದ. ಮುಂದೆ ಬೇಸಿಗೆ ಬಂತು, ಕ್ಯಾಮೆರಾ ಉಬ್ಬಲಿಲ್ಲ, ಬೀಳಲಿಲ್ಲ. ಕಾಕಾ ಓಣಿಯಲ್ಲಿ ಎದೆ ಮುಂದೆ ಮಾಡಿಕೊಂಡು ನಡೆಯುತ್ತಿದ್ದರು.

ಆ ಬೇಸಿಗೆಯ ಒಂದು ಗುರುವಾರ ನನಗೆ ರಜೆ. ಕಾಕಾ ಒಬ್ಬರೇ ಹೋಗಿ ಬಂದಿದ್ದರು. ಭಾನುವಾರ ಎಂದಿನಂತೆ ಕುಳಿತೆವು. ಕಮಲಾಪುರದ ಬಜಾರು ಬಂತು. ಭಜನೆ ಗುನುಗುವ ಕಾಕಾನ ದನಿ ಕೇಳುತ್ತಿತ್ತು. ಎಡಗಡೆಯಿಂದ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ರಸ್ತೆಗೆ ಇಳಿದಳು. ಕಾರು ನಿಧಾನವಾಗಲಿಲ್ಲ. ಅವಳು ಹಿಂದಕ್ಕೆ ಹಾರಿ ಕುಕ್ಕರಿಸಿ ಬಿದ್ದಳು, ಬುಟ್ಟಿ ಉರುಳಿತು, ಕೆಂಪು ಬಾಳೆಹಣ್ಣು ರಸ್ತೆಯ ತುಂಬ. ಗಾಡಿ ಅವಳಿಗೆ ತಾಗಲಿಲ್ಲ, ಮುಂದೆ ಹೋಯಿತು. ಭಜನೆ ನಿಲ್ಲಲಿಲ್ಲ. ಒಂದು ಅಕ್ಷರವೂ ತಪ್ಪಲಿಲ್ಲ.

"ಹಿಂದಕ್ಕ ತಗಿ" ಅಂದರು ಕಾಕಾ.

ತೆಗೆದೆ. ಮತ್ತೆ ನೋಡಿದರು. ಮತ್ತೂ ಒಮ್ಮೆ. ಚಹಾ ಆರಿ ಕೆನೆಗಟ್ಟಿತು. "ನನಗ ಕಂಡೇ ಇಲ್ಲ ಮಗಳ" ಅಂದರು. ದನಿ ಸಣ್ಣಗಾಗಿತ್ತು. "ಅಕಿ ಕಂಡೇ ಇಲ್ಲ ನನಗ."

ಗಾಡಿ ಅಲುಗಿರಲಿಲ್ಲ, ಹಾಗಾಗಿ ಕ್ಯಾಮೆರಾ ಆ ತುಣುಕನ್ನು ಕಾದಿಟ್ಟಿರಲಿಲ್ಲ. ಯಾರೂ ದೂರು ಕೊಟ್ಟಿರಲಿಲ್ಲ. ಮನೆಯಲ್ಲಿ ಯಾರಿಗೂ ಸುಳಿವಿರಲಿಲ್ಲ. ನಾವಿಬ್ಬರು ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಕಾಕಾನಿಗೂ ಅದು ಹೊಳೆದಿರಬೇಕು.

"ಇದು ಹಂಗ ಬಿಟ್ರ ತಾನ ಅಳಸಿ ಹೋಗ್ತದಲ್ಲ?"

"ಹೌದ್ರೀ ಕಾಕಾ. ಮುಂದಿನ ಗುರುವಾರ ಹೋಗಿ ಬಂದ್ರ ಇದರ ಮ್ಯಾಲ ಹೊಸಾದು ಬರ್ತದ."

ಕಾಕಾ ಕಿಟಕಿಯ ಹೊರಗೆ ನಿಂತಿದ್ದ ಕಾರನ್ನು ನೋಡಿದರು. ಸುಮ್ಮನಿರಿ ಕಾಕಾ ಅಂತ ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಖಂಡಿತ ಬಂದಿತ್ತು. ಅಷ್ಟರಲ್ಲಿ ಅವರೇ ಅಂದರು: "ಹಂಗಾದ್ರ ತಗದು ಇಡು. ಅಳಸಬಾರದು. ಅಳಿಯಗ ಫೋನ್ ಹಚ್ಚು."

ಅಂದು ರಾತ್ರಿಯೇ ಕಾಕು, ಅವರ ಮಗಳು, ಅಳಿಯ ಎಲ್ಲರನ್ನೂ ಕೂರಿಸಿ ಅದನ್ನು ತೋರಿಸಿದವರು ಕಾಕಾನೇ. ಎಲ್ಲಿ ನೋಡಬೇಕು ಎಂದು ಬೆರಳಿಟ್ಟು ತೋರಿಸಿದರು. ಮುಗಿದ ಮೇಲೆ ಚಾವಿಯನ್ನು ಅಳಿಯನ ಕೈಯಲ್ಲಿಟ್ಟರು. ಅಳಿಯ ಬೇಡ ಬೇಡ ಅನ್ನುತ್ತಾ ಅತ್ತುಬಿಟ್ಟ. ಕಾಕು ಒಳಗೆ ಹೋಗಿ ಗಂಡನಿಗೆ ನೀರು ತಂದರು.

ಕಣ್ಣಿನ ದವಾಖಾನೆಯಲ್ಲಿ ಗೊತ್ತಾಯಿತು. ಎಡಬದಿಯ ನೋಟ ಅಂಚಿನಿಂದ ಸವೆಯುತ್ತಾ ಬಂದಿತ್ತು. ನೋವಿಲ್ಲ, ಉರಿಯಿಲ್ಲ, ಹೀಗಾಗಿ ಅವರಿಗೇ ತಿಳಿದಿರಲಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಹನಿ ಬರೆದುಕೊಟ್ಟರು. ಬೈಕಿನ ಹುಡುಗ ಯಾವ ಬದಿಯಿಂದ ಬಂದಿದ್ದ ಅಂತ ನಾನು ಕೇಳಲಿಲ್ಲ. ಆ ದಿನ ಕಾಕಾ ಗಾಡಿ ನಿಲ್ಲಿಸಿಕೊಂಡಿದ್ದೂ ನಿಜವಿರಬಹುದು. ಅದಕ್ಕೆ ಸಾಕ್ಷಿಯಿಲ್ಲ.

ಅಷ್ಟರಲ್ಲಿ ನನಗೆ ಲೈಸೆನ್ಸ್ ಸಿಕ್ಕಿತ್ತು, ಮರುವಾರ ಚಾವಿ ನನ್ನ ಕೈಗೆ ಬಂತು. ಗುರುವಾರ ನಾನು ಹೊಡೆಯುವುದು, ಕಾಕಾ ಎಡಗಡೆ ಕೂರುವುದು ಅಂತ ಅಳಿಯನೇ ಹೇಳಿದ. ಮೊದಲ ದಿನ ನನ್ನ ಊಟದ ಬಿಡುವಿನಲ್ಲಿ ಹೊರಟಾಗ, ಅಕ್ಕನ ಮನೆಗಿಂತ ಮುಂಚೆ ಬಜಾರಿನಲ್ಲಿ ನಿಲ್ಲಿಸಲು ಕಾಕಾ ಹೇಳಿದರು. ಆ ಹೆಂಗಸು ಬಾಳೆಹಣ್ಣು ಹರಡಿಕೊಂಡು ಕುಳಿತಿದ್ದಳು.

"ಅವ್ವಾ, ಆ ಬಿಳಿ ಗಾಡಿ ನಂದು. ನೀ ಬಿದ್ದದ್ದು ನನಗ ಕಾಣಲಿಲ್ಲ" ಎಂದು ಎರಡೂ ಕೈ ಮುಗಿದು ನಿಂತರು, ಒಂದು ಗೋಧಿ ಬಣ್ಣದ್ದು, ಒಂದು ಕಪ್ಪು.

ಅವಳು ಗಾಬರಿಯಾದಳು. "ಅಯ್ಯ, ಕೈ ಇಳಸ್ರಿ ಯಜ್ಜಾ! ನನಗೇನಾಗ್ಯಾದ? ಹಣ್ಣು ಒಯ್ತೀರೇನು ಹೇಳ್ರಿ."

ಒಯ್ದೆವು. ತಿರುವಿನಲ್ಲಿ ಕಾಕಾ, "ಹಾರ್ನ್ ಹೊಡಿ" ಅಂದರು. ಹೊಡೆದೆ. ಅಕ್ಕನ ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಬಂತು.

ಮುಂದೆ ಕಾಕಾ ಇರುವವರೆಗೂ ಹಾಗೇ ಹೋದೆವು. ಬೈಗುಳ ಕಡಿಮೆಯಾಗಲಿಲ್ಲ, ಕೂರುವ ಜಾಗ ಬದಲಾಯಿತು ಅಷ್ಟೆ. ಕೋಳಿಯ ಮಾತನ್ನು ಮಾತ್ರ ಮತ್ತೆ ಆಡಲಿಲ್ಲ. ಒಂದು ಮುಂಜಾನೆ ಚಹಾ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ. ನಾನು ಹೋದಾಗ ಕಾಕು ಪಕ್ಕದಲ್ಲಿ ಕುಳಿತು ಅವರ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. "ನೋಡವ್ವಾ," ಅಂದರು, "ನಿನ್ನ ಬಾಜೂ ಕೂತು ಕೂತು ಈ ಎಡಗೈನೂ ಕಪ್ಪಾಗ್ಯಾದ. ಎರಡೂ ಒಂದ ಬಣ್ಣ ಆಗ್ಯಾವ." ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆಗ ಬಿಕ್ಕಿ ಬಿಕ್ಕಿ ಅತ್ತೆ.

ಗಾಡಿಯನ್ನು ಮನೆಯವರು ಮಾರಲಿಲ್ಲ. ಗುರುವಾರ ಈಗಲೂ ಹೋಗುತ್ತೇನೆ, ತಿರುವಿನಲ್ಲಿ ಹಾರ್ನ್ ಹೊಡೆಯುತ್ತೇನೆ, ಅಕ್ಕ ರೊಟ್ಟಿ ಹಾಕುತ್ತಾರೆ. ಕ್ಯಾಮೆರಾ ಇನ್ನೂ ಚಾಲೂ ಇದೆ, ನೆತ್ತಿಯ ಮೇಲೆ ಕುಂಕುಮದ ಕಲೆ ಹಾಗೇ ಇದೆ. ಭಾನುವಾರ ಕಾರ್ಡು ತೆಗೆದು ನನ್ನ ತಪ್ಪುಗಳನ್ನು ನಾನೇ ಕುಳಿತು ನೋಡುತ್ತೇನೆ. ಇರುತ್ತವೆ.

ಮೊನ್ನೆ ಸೂಪರ್ ಮಾರ್ಕೆಟ್ಟಿನಲ್ಲಿ ಬಳೆ ಇಡಿಸಿಕೊಳ್ಳಲು ಕೈ ಚಾಚಿದೆ. ಬಳೆಯವಳು ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು. "ಬಾಯಾರ, ಬಲಗೈ ಯಾಕ್ರೀ ಇಷ್ಟು ಕಪ್ಪಾಗ್ಯಾದ? ಏನರೆ ಹಚ್ಕೋರಿ."

"ಇರ್ಲಿ ಬಿಡ್ರೀ," ಅಂದೆ, "ನಾ ಗಾಡಿ ಹೊಡೀತೀನಿ."