ಗೋಡಿ ಆಚಿ ಸಾಣಿ

ಆಗ ನನಗ ಐವತ್ತರ ಮ್ಯಾಲ ಒಂದೆರಡು. ಅದಕ್ಕ ಈಗ ಇಪ್ಪತ್ತು ವರ್ಷಾತು. ಇವತ್ತ ಎದುರಿನ ಮನಿಯವರು ಕಿಡಕಿಗೆ ಸಳಿ ಕೂಡಸಾಕತ್ತಿದ್ರು. ಕಾದ ಕಬ್ಬಣದ ವಾಸನಿ ನಮ್ಮ ಅಡಗಿಮನಿತನಕ ಬಂತು, ನಾನು ನೆನಪಿನ್ಯಾಗ ಒಗ್ಗರಣಿ ಹೊತ್ತಿಸಿದೆ. ಅದಕ್ಕ ಬರಿಯಾಕ ಕುಂತೀನಿ. ನನ್ನ ಓದು ಅಷ್ಟಕ್ಕಷ್ಟ. ದಿಲ್‌ಸುಖ್‌ನಗರದ ಬಸ್ಸಿನ ಬೋರ್ಡು ಓದಿ ಮುಗಸೂದರಾಗ ಬಸ್ಸ ಹೋಗಿರತೈತಿ. ತಪ್ಪಿದ್ದಲ್ಲೆ ತಿದ್ದಿಕೊಂಡು ಓದ್ರಿ.

ನಮ್ಮ ಮಾವ ಸರಕಾರಿ ಕಾರ್ಖಾನ್ಯಾಗ ದುಡಿಯಾಕಂತ ಗದಗ ಕಡೆಯಿಂದ ಈ ಊರಿಗೆ ಬಂದಾವ್ರು. ರಿಟೈರ್ ಆದ ಮ್ಯಾಲ ಅಂಗಳದಾಗ ತಗಡಿನ ಶೆಡ್ ಹಾಕಿ ಒಂದು ಲೇಥು, ಒಂದು ಸಾಣಿ ಮಷಿನು ಇಟ್ರು. ನಮ್ಮವರು ಲೇಥಿನ ಮ್ಯಾಲ ಕಬ್ಬಣ ಕಡಿಯೋರು. ಕಡಿಯೋ ಟೂಲು ಸವದ್ರ ಮೈದುನ ಬಸಣ್ಣ ಸಾಣಿ ಹಿಡಿಯಾಂವ. ಮಾವ ಸತ್ತ ಮ್ಯಾಲ ಅಣ್ಣತಮ್ಮ ಒಂದು ಕರಿಬೇವಿನ ಗಿಡ ಕಡಿಯೋ ಮಾತಿಗೆ ಜಗಳಾಡಿ ಪಾಲು ಕೇಳಿದ್ರು. ಹಿರ್ಯಾರು ಕುಂತು ನಡು ಗೋಡಿ ಹಾಕಿಸಿ, ಲೇಥು ಅಣ್ಣಗ, ಸಾಣಿ ಮಷಿನು ತಮ್ಮಗ ಅಂದ್ರು. ಒಲಿ ಒಬ್ಬಗ, ಹಂಚು ಒಬ್ಬಗ ಕೊಟ್ಟಂಗ. ಶ್ಯಾಣೇರು.

ಮಾತು ನಿಂತ್ವು. ಟೂಲು ನಿಲ್ಲಲಿಲ್ಲ. ಮೊಂಡಾದವನ್ನ ನಾನು ಉಪ್ಪಿನಕಾಯಿ ಡಬ್ಬ್ಯಾಗ ಹಾಕ್ಕೊಂಡು ಆಚಿ ಮನಿಗೆ ಒಯ್ಯಾಕಿ, ಚೂಪಾದವನ್ನ ತರಾಕಿ. ಬ್ಯಾರೆ ಸಾಣಿ ಮಷಿನು ತರೋದು ನಮ್ಮವರಿಗೆ ದೊಡ್ಡ ಮಾತಲ್ಲ. ತರಲಿಲ್ಲ. ಬಸಣ್ಣ ಟೂಲಿನ ಮಾರಿ ನೋಡೇ ಅಣ್ಣನ ಸುದ್ದಿ ಹೇಳಾಂವ. ತುದಿ ಮುರದಿದ್ರ ಸಿಟ್ಟಿನ್ಯಾಗ ಓಡಿಸ್ಯಾನ ಅನ್ನಾಂವ. ಒಮ್ಮೆ ಲಕ್ಷ್ಯಿಲ್ದ ಓಡಿಸಿದ ಒಂದು ಟೂಲು ಸುಟ್ಟು ನೀಲಿ ಆಗಿತ್ತು.

"ವೈನಿ, ಅಣ್ಣ ನಿದ್ದಿ ಮಾಡವಲ್ಲನೇನು?" ಅಂದ.

ಖರೇನ, ವಾರದಿಂದ ಮಾಡಿರಲಿಲ್ಲ. ನಮ್ಮವರೂ ಅಂಥಾವ್ರ. ಉಗರಿನ ಮ್ಯಾಲ ಅಂಚು ಹಚ್ಚಿ ನೋಡಿ, ಅಂವನ ಕೈ ನಡಗಾಕತ್ತೈತಿ, ದವಾಖಾನಿಗೆ ಹೋಗಂತ ಹೇಳು ಅನ್ನೋರು. ನಾ ಹೋಗಿ ಹೇಳಾಕಿ. ಇವತ್ತಿಲ್ಲ ನಾಳೆ ಯಾರರ ಒಬ್ಬರು ಗೋಡಿ ದಾಟ್ತಾರ ಅಂದ್ಕೊಂಡಿದ್ದೆ.

ಅಷ್ಟರಾಗ ಪ್ಯಾಟ್ಯಾಗ ಟೂಲಿನ ಬಾಯಿಗೆ ಕೂಡಸೋ ಹೊಸಾ ತುದಿ ಬಂದ್ವು. ಸಾಣಿ ಬ್ಯಾಡ. ಒಂದು ಮೂಲಿ ಸವದ್ರ ತಿರುವಿ ಹಾಕೋದು, ಪೂರ್ತಿ ಸವದ್ರ ಒಗಿಯೋದು. ನಮ್ಮವರು ತಂದ್ರು. ಕೆಲಸ ಭಾಳ ಛಲೋ ಆತು, ಸುಳ್ಳ ಯಾಕ ಹೇಳ್ಲಿ. ಡಬ್ಬಿ ಒಯ್ಯೋದು ನಿಂತಿತು.

ಒಂದಿನ ಬಸಣ್ಣ ಓಣ್ಯಾಗ ನನ್ನ ತಡದು, ಅಣ್ಣ ಲೇಥ್ ಬಿಟ್ನೇನು ಅಂತ ಕೇಳಿದ. ಇದ್ದದ್ದು ಹೇಳಿದೆ.

"ಒಗದ ಬಿಡ್ತಾನ?" ಅಂದ.

ಮನಿಗೆ ಬಂದು, ಹೋಗಿ ತಮ್ಮನ್ನ ಮಾತಾಡಸ್ರಿ ಅಂದೆ.

"ಏನಂತ ಹೋಗ್ಲಿ? ಕೈಯಾಗ ಏನರ ಬೇಕಲ್ಲ," ಅಂದ್ರು ನಮ್ಮವರು.

"ಎರಡು ಕಾಲ ಅದಾವಲ್ಲ, ಸಾಕು."

ನಕ್ಕರು. ಹೋಗಲಿಲ್ಲ.

ಅದ ವರ್ಷ ಬಸಣ್ಣ ತನ್ನ ಪಾಲು ಮಾರಿ ಕಲಬುರ್ಗಿಗೆ ಮಗಳ ಹಂತ್ಯಾಕ ಹೊಂಟ. ಸಾಮಾನೆಲ್ಲಾ ಟೆಂಪೊಕ್ಕ ಏರಿಸಿ, ಸಾಣಿ ಮಷಿನು ಮಾತ್ರ ನಮ್ಮ ಬಾಗಲಿಗೆ ಇಳಿಸಿ ಹೋದ. ನಮ್ಮವರು ಲೇಥ್ ಓಡಿಸಾಕತ್ತಿದ್ರು. ಆ ಸಪ್ಪಳದಾಗ ಕೇಳಿಸಲಿಲ್ಲೋ, ಕೇಳಿಸಿಕೊಳ್ಳಲಿಲ್ಲೋ, ಹೊರಗ ಬರೂದರಾಗ ಟೆಂಪೊ ಓಣಿ ದಾಟಿತ್ತು. ಮುಂದ ಕಲಬುರ್ಗಿಯಿಂದ ಬಂದದ್ದು ಅಂವನ ಸಾವಿನ ಸುದ್ದಿನ. ನಮ್ಮವರೂ ಈಗಿಲ್ಲ.

ಟೆಂಪೊ ಹೋದ ಮರುದಿನ ಮುಂಜಾನೆ, ನಮ್ಮವರು ಏಳೂಕಿಂತ ಮೊದಲ, ಆ ಮಷಿನನ್ನ ನಾ ಒಬ್ಬಾಕಿನ ಎಳಕೊಂಡು ಹೋಗಿ ಲೇಥಿನ ಮಗ್ಗಲಿಗೆ ನಿಲ್ಲಿಸಿದೆ.